ಚಿತ್ರಸಂಕಲನದ ಕಡತದೊಳಗೊಂದು ಭಿನ್ನರಾಶಿ

ಫೈನಲ್ ಕಟ್ ಪ್ರೋ ಎಂಬ ಚಿತ್ರಸಂಕಲನ ತಂತ್ರಾಂಶವು ಹೊರಡಿಸುವ ಎಫ್‌ಸಿಪಿಎಕ್ಸ್‌ಎಂಎಲ್ ಕಡತವನ್ನು ತೆರೆದು ನೋಡಿದವರಿಗೆ ಅಚ್ಚರಿಯಾದೀತು. ಅದರಲ್ಲಿ ಚಿತ್ರವೊಂದೂ ಇಲ್ಲ. ಇರುವುದು ಬರಿಯ ಬರಹ. ‘ರಿಸೋರ್ಸಸ್’ ಭಾಗವು ಮೂಲಚಿತ್ರಗಳಿರುವ ಸ್ಥಳವನ್ನೂ, ‘ಸ್ಪೈನ್’ ಭಾಗವು ತುಣುಕುಗಳ ಅನುಕ್ರಮವನ್ನೂ ತಿಳಿಸುತ್ತವೆ. ತುಣುಕಿಗೆ ಮೂರು ಕಾಲಸೂಚನೆಗಳು ಮುಖ್ಯ: ‘ಆಫ್‌ಸೆಟ್’, ಸಿದ್ಧಚಿತ್ರದಲ್ಲಿ ಅದರ ಸ್ಥಾನ, ‘ಸ್ಟಾರ್ಟ್’, ಮೂಲದಲ್ಲಿ ಅದು ತೊಡಗುವ ಕ್ಷಣ, ‘ಡ್ಯುರೇಷನ್’, ಅದರ ಅವಧಿ.

ಈ ಕಾಲಗಳನ್ನು ಭಿನ್ನರಾಶಿಯಲ್ಲಿ ಬರೆಯುವುದೇಕೆ? ೧೯೫೩ರಲ್ಲಿ ಅಂಗೀಕೃತವಾದ ಅಮೆರಿಕದ ವರ್ಣ ದೂರದರ್ಶನ ಪದ್ಧತಿಯಿಂದ ಬಂದ ಒಂದು ಫ್ರೇಮಿನ ಅವಧಿ ೧೦೦೧/೩೦೦೦೦ ಸೆಕೆಂಡು. ಅದನ್ನು ೧/೩೦ ಎಂದೆಣಿಸಿದರೆ ೧,೦೮,೦೦೦ ಫ್ರೇಮುಗಳಿಗೆ ೩೬೦೦ ಸೆಕೆಂಡುಗಳಾಗುತ್ತವೆ. ನಿಜವಾದ ಉತ್ತರ ೩೬೦೩.೬. ಹೀಗೆಣಿಸಿ ಧ್ವನಿಯನ್ನು ಜೋಡಿಸಿದರೆ ತುಟಿಗೂ ಮಾತಿಗೂ ೩.೬ ಸೆಕೆಂಡುಗಳ ಅಂತರ! ಆದುದರಿಂದ ಈ ಕಡತವನ್ನೋದುವ ಪ್ರೋಗ್ರಾಮನ್ನು ರಚಿಸುವವರು ಭಿನ್ನರಾಶಿಗಳನ್ನು ಭಿನ್ನರಾಶಿಗಳಾಗಿಯೇ ಕೂಡಿಸತಕ್ಕದ್ದು.