ಗಾಜಿನ ತೊಟ್ಟಿಯಲ್ಲಿ ಕಡಲ ಮೀನಿನ ಆಯುಸ್ಸು

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಸೋದರಮಾವನವರು ಎರಡು ಕ್ಲೌನ್ ಮೀನುಗಳನ್ನು ಕೊಂಡು ತಂದರು. ಕಿತ್ತಳೆ ಬಣ್ಣದ ಮೈ, ಅದಕ್ಕೆ ಸುತ್ತಿದ ಬಿಳಿಯ ಪಟ್ಟೆ, ಹೆಬ್ಬೆರಳಿನಷ್ಟು ಉದ್ದ. ಅಂಗಡಿಯ ಉಪ್ಪಿನ ಮಿಶ್ರಣವನ್ನು ನೀರಿನಲ್ಲಿ ಕರಗಿಸಿ, ಹಿಂದಿನ ದಿನವಷ್ಟೇ ತುಂಬಿಸಿದ್ದ ತೊಟ್ಟಿಯಲ್ಲಿ ಅವನ್ನು ಬಿಟ್ಟೆವು. ಒಂಬತ್ತನೆಯ ದಿನ ಬೆಳಿಗ್ಗೆ ಎರಡೂ ಸತ್ತಿದ್ದವು. “ಅಷ್ಟು ಸಣ್ಣ ಮೀನು, ಅದರ ಆಯುಸ್ಸೇ ಅಷ್ಟು” ಎಂದು ಮನೆಯವರು ಸಮಾಧಾನ ಹೇಳಿದರು. ಆ ಮಾತು ನಿಜವೇ ಎಂದು ತಿಳಿಯುವ ಹಂಬಲದಿಂದ ಓದಿದ್ದರ ಫಲವೇ ಈ ಲೇಖನ.

ಸಣ್ಣ ದೇಹಕ್ಕೆ ಸಣ್ಣ ಆಯುಸ್ಸು ಎಂಬ ನಂಬಿಕೆಗೆ ಆಧಾರವಿಲ್ಲದೆ ಇಲ್ಲ. ಆಸ್ಟ್ರೇಲಿಯದ ಹವಳದ ದಿಬ್ಬಗಳಲ್ಲಿ ಇವಿಯೋಟ ಸಿಜಿಲಾಟ ಎಂಬ ಎರಡು ಸೆಂಟಿಮೀಟರಿಗೂ ಕಿರಿದಾದ ಮೀನುಂಟು. ಮೀನಿನ ಕಿವಿಯೊಳಗೆ ಸುಣ್ಣದ ಹರಳೊಂದಿರುತ್ತದೆ. ಮರದ ಕಾಂಡದಲ್ಲಿ ವರ್ಷಕ್ಕೊಂದು ಉಂಗುರ ಮೂಡುವಂತೆ ಈ ಹರಳಿನಲ್ಲಿ ದಿನಕ್ಕೊಂದು ಉಂಗುರ ಮೂಡುತ್ತದೆ. ಆ ಉಂಗುರಗಳನ್ನು ಎಣಿಸಿದ ವಿಜ್ಞಾನಿಗಳು ಈ ಮೀನಿನ ಪರಮಾಯುಸ್ಸು ೫೯ ದಿನಗಳು ಮಾತ್ರವೆಂದು ೨೦೦೫ರಲ್ಲಿ ಪ್ರಕಟಿಸಿದರು. ಅದರಲ್ಲಿ ಮೊದಲ ಮೂರು ವಾರಗಳು ತೆರೆದ ಕಡಲಿನಲ್ಲಿ ಮರಿಯಾಗಿಯೇ ಕಳೆದುಹೋಗುತ್ತವೆ.

ಆದರೆ ಕ್ಲೌನ್ ಮೀನಿನ ಕಥೆಯೇ ಬೇರೆ. ಪಪುವ ನ್ಯೂಗಿನಿಯ ಮಡಾಂಗ್ ಎಂಬಲ್ಲಿ ಪರ್ಕುಲ ಜಾತಿಯ ಕ್ಲೌನ್ ಮೀನುಗಳನ್ನು ಗಮನಿಸಿ, ಅವುಗಳ ಸಾವಿನ ಪ್ರಮಾಣದಿಂದ ಲೆಕ್ಕಹಾಕಿದಾಗ, ಹೆಣ್ಣುಮೀನು ಸುಮಾರು ೩೦ ವರ್ಷ ಬದುಕಬಲ್ಲುದೆಂಬ ಅಂದಾಜು ೨೦೦೭ರಲ್ಲಿ ಹೊರಬಿತ್ತು. ಅಷ್ಟು ಸಣ್ಣ ಮೀನಿನಿಂದ ನಿರೀಕ್ಷಿಸಬಹುದಾದುದರ ಆರು ಪಟ್ಟು ಇದು! ಕಾರಣವನ್ನು ಅದರ ವಾಸಸ್ಥಾನದಲ್ಲಿ ಕಾಣಬಹುದು. ಅನಿಮೋನ್ ಎಂಬ ಹೂವಿನಂತಹ ಪ್ರಾಣಿಯ ಕುಟುಕುವ ಎಸಳುಗಳ ನಡುವೆ ಈ ಮೀನು ನಿರ್ಭಯವಾಗಿ ವಾಸಿಸುತ್ತದೆ. ಶತ್ರುಗಳು ಹತ್ತಿರ ಸುಳಿಯಲಾರವು. ಬೇಗನೆ ಬೇಟೆಗೆ ತುತ್ತಾಗುವ ಜೀವಿಗೆ ನಿಸರ್ಗವು ಅವಸರದ ಬಾಳನ್ನೂ, ರಕ್ಷಣೆಯುಳ್ಳ ಜೀವಿಗೆ ನಿಧಾನದ ಬಾಳನ್ನೂ ಕೊಡುತ್ತದೆಂದು ವಿಜ್ಞಾನಿಗಳ ಅಭಿಪ್ರಾಯ.

ಹಾಗಾದರೆ ಶತ್ರುಗಳೇ ಇಲ್ಲದ ಗಾಜಿನ ತೊಟ್ಟಿಯಲ್ಲಿ ಮೀನು ಇನ್ನೂ ಸುಖವಾಗಿರಬೇಕಲ್ಲವೆ? ಚೆನ್ನಾಗಿ ನೋಡಿಕೊಂಡ ತೊಟ್ಟಿಗಳಲ್ಲಿ ಕ್ಲೌನ್ ಮೀನುಗಳು ೨೦ ವರ್ಷ ದಾಟಿ ಬದುಕಿದ ನಿದರ್ಶನಗಳುಂಟು. ಆದರೆ ತೊಟ್ಟಿಯಲ್ಲಿ ಬೇರೊಂದು ಶತ್ರು ಹುಟ್ಟಿಕೊಳ್ಳುತ್ತದೆ. ಅದು ನೀರೇ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ವಿಶಾಲವಾದ ಕಡಲಿನಲ್ಲಿ ಅದು ಲೆಕ್ಕಕ್ಕೇ ಬಾರದು; ತೊಟ್ಟಿಯಲ್ಲಿಯಾದರೋ ಶೇಖರವಾಗಿ ವಿಷವಾಗುತ್ತದೆ. ಒಂದು ವರ್ಗದ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟ್ ಆಗಿಯೂ, ಮತ್ತೊಂದು ವರ್ಗದವು ಅದನ್ನು ಅಷ್ಟೇನೂ ಅಪಾಯಕರವಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯ ಮರಳು, ಕಲ್ಲುಗಳ ಮೇಲೆ ಇವು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ನಾವು ಕೊಟ್ಟಿದ್ದುದು ಒಂದೇ ದಿನ. ನೀರು ತಿಳಿಯಾಗಿದೆಯೆಂದು ನಂಬಿದೆವು. ಅಮೋನಿಯ ಕಣ್ಣಿಗೆ ಕಾಣುವುದಿಲ್ಲ.

ಎರಡನೆಯ ಅಪಾಯ ಉಪ್ಪಿನದು. ಕಡಲಿನ ಒಂದು ಲೀಟರು ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳಿರುತ್ತವೆ. ಸೆಖೆಗೆ ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಆದ್ದರಿಂದ ಇಳಿದ ಮಟ್ಟವನ್ನು ಸಿಹಿನೀರಿನಿಂದಲೇ ತುಂಬಬೇಕು. ನಾವು ಪ್ರತಿಸಲವೂ ಉಪ್ಪುನೀರನ್ನೇ ಸುರಿದೆವು.

ಮೂರನೆಯದು ಹಸಿವು. ಕಡಲಕುದುರೆಗೆ ಜಠರವಿಲ್ಲ, ತಿಂದದ್ದು ಬೇಗನೆ ಸಾಗಿಹೋಗುವುದರಿಂದ ದಿನಕ್ಕೆ ಹಲವು ಬಾರಿ ಆಹಾರ ಬೇಕು. ಸೊಗಸಾದ ಬಣ್ಣಗಳ ಮ್ಯಾಂಡರಿನ್ ಮೀನು ಕಲ್ಲುಗಳ ಮೇಲೆ ಹರಿದಾಡುವ ಅತಿಸಣ್ಣ ಜೀವಿಗಳನ್ನು ಇಡೀ ದಿನ ಹೆಕ್ಕಿ ತಿನ್ನುತ್ತದೆ. ಒಣ ಆಹಾರವನ್ನು ಹಲವು ವೇಳೆ ಮೂಸಿಯೂ ನೋಡದು. ಬೇರೆ ಮೀನುಗಳ ಮೈಮೇಲಿನ ಪರೋಪಜೀವಿಗಳನ್ನು ತಿಂದು ಬಾಳುವ ಕ್ಲೀನರ್ ರಾಸ್ ಮೀನಿನ ಪಾಡೂ ಹಾಗೆಯೇ. ಇಂತಹವು ತೊಟ್ಟಿಯಲ್ಲಿ ವಾರಗಟ್ಟಲೆ ಸೊರಗಿ ಸಾಯುತ್ತವೆ. ನೋಡುವವರು ಅದನ್ನು ರೋಗವೆಂದು ತಿಳಿಯುತ್ತಾರೆ.

ಇಷ್ಟಲ್ಲದೆ, ಅಂಗಡಿಗೆ ಬರುವ ಮೊದಲೇ ಕೆಲವು ಮೀನುಗಳ ಆಯುಸ್ಸು ಕುಗ್ಗಿರುತ್ತದೆ. ಫಿಲಿಪೈನ್ಸ್ ದೇಶದಲ್ಲಿ ೧೯೬೦ರ ದಶಕದಿಂದ, ಹವಳದ ಸಂದುಗಳಲ್ಲಿ ಅಡಗಿದ ಮೀನುಗಳನ್ನು ಸಯನೈಡ್ ಚಿಮ್ಮಿಸಿ ಅರೆಪ್ರಜ್ಞೆಗೊಳಿಸಿ ಹಿಡಿಯುವ ಕೆಟ್ಟ ಪದ್ಧತಿ ಹಬ್ಬಿತು. ಅದರಿಂದ ಮೀನಿಗೂ ಕೇಡು, ಹವಳಕ್ಕೂ ಕೇಡು. ತೊಟ್ಟಿಯಲ್ಲಿಯೇ ಹುಟ್ಟಿ ಬೆಳೆದ ಮೀನಿಗೆ ಈ ಸಂಕಟವಿಲ್ಲ. ಕೊಟ್ಟ ಆಹಾರವನ್ನು ತಿನ್ನುವ ಅಭ್ಯಾಸವೂ ಅದಕ್ಕಿರುತ್ತದೆ. ನಮ್ಮ ದೇಶದ ಕೇಂದ್ರೀಯ ಸಾಗರ ಮತ್ಸ್ಯ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನುಗಳನ್ನು ಹೀಗೆ ಮರಿಮಾಡಿಸಿ ಬೆಳೆಸಿರುವುದು ಸಂತೋಷದ ಸಂಗತಿ. ಕಡಲಕುದುರೆಯನ್ನಾದರೋ ೨೦೦೧ರಿಂದ ಭಾರತದ ವನ್ಯಜೀವಿ ಕಾಯಿದೆಯೇ ರಕ್ಷಿಸುತ್ತಿದೆ. ಅದನ್ನು ಹಿಡಿಯುವುದೂ ಮಾರುವುದೂ ಅಪರಾಧ.

ಒಟ್ಟಿನಲ್ಲಿ, ಜಾತಿಯು ಮೀನಿಗೆ ಆಯುಸ್ಸಿನ ಮೇರೆಯನ್ನು ಹಾಕಿಕೊಟ್ಟರೆ, ಆ ಮೇರೆಯನ್ನು ಮುಟ್ಟಿಸುವುದೂ ಬಿಡುವುದೂ ಸಾಕುವವನ ಕೈಯಲ್ಲಿದೆ. ನಮ್ಮ ಮನೆಯ ಮೀನುಗಳ ಆಯುಸ್ಸು ಒಂಬತ್ತು ದಿನಗಳದ್ದಾಗಿರಲಿಲ್ಲ. ಅವು ನಾನು ಪದವಿ ಪಡೆದು, ಉದ್ಯೋಗ ಹಿಡಿದು, ಸಂಸಾರಸ್ಥನಾಗುವವರೆಗೂ ಬದುಕಬಹುದಾಗಿದ್ದ ಜೀವಿಗಳು. ಮಾವನವರು ತೊಟ್ಟಿಗೆ ಪುನಃ ಉಪ್ಪುನೀರು ತುಂಬಿಸಿದ್ದಾರೆ. ಈಗ ಅದರಲ್ಲಿ ಮರಳು, ಕಲ್ಲುಗಳ ಹೊರತು ಏನೂ ಇಲ್ಲ. ಆರು ವಾರ ಕಳೆದು, ನೀರನ್ನು ಪರೀಕ್ಷಿಸಿ ನೋಡುವವರೆಗೆ ಅದು ಹಾಗೆಯೇ ಇರಬೇಕೆಂದು ನಾವಿಬ್ಬರೂ ಒಪ್ಪಿಕೊಂಡಿದ್ದೇವೆ.