ಮನೆಯ ಕೈಗೆಲಸ: ಅದರ ಸಂತೋಷವೂ ಸಂಕಟವೂ



ಶಾಲೆಯಲ್ಲಿ ಹೊಲಿಗೆ, ಹೆಣಿಗೆ, ಕ್ರೋಷಾಗಳನ್ನು ಕಲಿತ ಹುಡುಗಿಯರಲ್ಲಿ ಬಹುಮಂದಿ ಮನೆಗೆ ಹೋದ ಮೇಲೆ ಅವುಗಳನ್ನು ಬಿಟ್ಟುಬಿಡುವುದೇಕೆ? ಪುರಸೊತ್ತಿಲ್ಲವೆಂದು ಕೆಲವರೂ, ಅಂಗಡಿಯಲ್ಲಿ ಸಿದ್ಧ ಉಡುಪು ಅಗ್ಗವಾಗಿ ದೊರಕುವುದೆಂದು ಕೆಲವರೂ ಹೇಳುತ್ತಾರೆ. ಈ ಎರಡು ಮಾತುಗಳಲ್ಲಿಯೂ ಸತ್ಯವುಂಟು. ಆದರೆ ನಮ್ಮ ಪೆಟ್ಟಿಗೆಗಳ ತಳವನ್ನು ನೋಡಿದರೆ ಮೂರನೆಯ ಕಾರಣವೊಂದು ಕಾಣುತ್ತದೆ. ಒಂದೇ ತೋಳು ಕೂಡಿಸಿದ ರವಿಕೆ, ಕಡ್ಡಿಯ ಮೇಲೆಯೇ ನಿಂತುಹೋದ ಮಗುವಿನ ಸ್ವೆಟರು, ಒಂದು ಬದಿ ಕಿರಿದಾದ ಮೇಜಿನ ಹೊದಿಕೆ: ಇವನ್ನು ಆರಂಭಿಸಿದವರಿಗೆ ಆಸೆಯೂ ಇತ್ತು, ವೇಳೆಯೂ ಇತ್ತು. ನಡುವೆ ಎಲ್ಲಿಯೋ ಒಂದು ತಪ್ಪು ಬಿದ್ದಿತು. ಅದನ್ನು ಬಿಚ್ಚಿ ಸರಿಪಡಿಸುವ ಮನಸ್ಸು ಬರಲಿಲ್ಲ. ಕೆಲಸವು ಪೆಟ್ಟಿಗೆ ಸೇರಿತು.

ಆದುದರಿಂದ ಹೊಲಿಯುವುದನ್ನು ಕಲಿತವಳು ಬಿಚ್ಚುವುದನ್ನೂ ಕಲಿತಿರಬೇಕು. ಈ ಮೂರು ಕೆಲಸಗಳಲ್ಲಿ ತಪ್ಪು ಬೀಳುವ ರೀತಿಯೂ ಅದನ್ನು ತಿದ್ದುವ ರೀತಿಯೂ ಬೇರೆ ಬೇರೆ. ಆ ಭೇದವನ್ನು ಅರಿತವಳಿಗೆ ಸಂಕಟವು ಅರ್ಧಕ್ಕರ್ಧ ಕಡಿಮೆಯಾಗುವುದು.

ಹೊಲಿಗೆ

ಮೂರರಲ್ಲಿ ಅತ್ಯಂತ ಕಠಿಣವಾದದ್ದು ಹೊಲಿಗೆ. ಹಾಕಿದ ಹೊಲಿಗೆಯನ್ನು ಬಿಚ್ಚಬಹುದು. ಕತ್ತರಿಸಿದ ಬಟ್ಟೆಯನ್ನು ಮೊದಲಿನಂತೆ ಮಾಡಲಾಗದು. ಆದುದರಿಂದ ಇಲ್ಲಿ ತಾಳ್ಮೆಯು ಕತ್ತರಿಗಿಂತ ಮೊದಲೇ ಬೇಕು. ಹೊಸ ಹತ್ತಿಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಅಳೆಯತಕ್ಕದ್ದು. ಇಲ್ಲವಾದರೆ ಮೊದಲನೆಯ ಒಗೆತದಲ್ಲಿಯೇ ಅದು ಕುಗ್ಗಿ, ಅಳತೆಯೆಲ್ಲ ವ್ಯರ್ಥವಾಗುವುದು. ಬಟ್ಟೆಯ ಉದ್ದಕ್ಕೆ ಹೋಗುವ ಎಳೆಗೆ ಹಾಸು ಎಂದೂ ಅಡ್ಡಕ್ಕೆ ಹೋಗುವ ಎಳೆಗೆ ಹೊಕ್ಕು ಎಂದೂ ಹೆಸರು. ಸಾಮಾನ್ಯವಾಗಿ ಉಡುಪಿನ ಉದ್ದವು ಹಾಸಿನೊಡನೆ ಹೊಂದಿರಬೇಕು. ಬಟ್ಟೆ ಉಳಿಸುವ ಆಸೆಯಿಂದ ತುಸು ಓರೆಯಾಗಿಟ್ಟು ಕತ್ತರಿಸಿದ ಲಂಗವು ಒಗೆದ ಬಳಿಕ ಒಂದು ಕಡೆಗೆ ತಿರುಚಿಕೊಳ್ಳುವುದು. ತೋಳುಗಳಿಗೆ ಬಟ್ಟೆಯನ್ನು ಮಡಿಚಿ, ಎರಡನ್ನೂ ಒಟ್ಟಿಗೆ ಕತ್ತರಿಸಿದರೆ, ಎರಡೂ ಎಡತೋಳುಗಳಾಗುವ ಫಜೀತಿಯು ತಪ್ಪುವುದು. ಬಳಿಕ ಕಚ್ಚಾ ಹೊಲಿಗೆ ಹಾಕಿ, ತೊಡಿಸಿ ನೋಡಿ, ಆಮೇಲೆಯೇ ಗಟ್ಟಿ ಹೊಲಿಗೆ ಹಾಕಬೇಕು. ಕಚ್ಚಾ ಹೊಲಿಗೆಯನ್ನು ಬಿಚ್ಚಲು ಎರಡು ನಿಮಿಷ ಸಾಕು. ಯಂತ್ರದ ಹೊಲಿಗೆಯನ್ನು ಬಿಚ್ಚಲು ಒಂದು ಸಾಯಂಕಾಲವೇ ಬೇಕಾಗಬಹುದು.

ಯಂತ್ರದ ವಿಷಯದಲ್ಲಿ ಎರಡು ಮಾತು. ಬಟ್ಟೆಯ ಕೆಳಬದಿಯಲ್ಲಿ ನೂಲು ಗೊಂಚಲಾಗಿ ಸಿಕ್ಕಿಕೊಂಡರೆ ಹೊಸಬರು ಕೆಳಗಿನ ಬಾಬಿನ್ನನ್ನು ದೂರುತ್ತಾರೆ. ದೋಷವು ಬಹುಮಟ್ಟಿಗೆ ಮೇಲಿನ ನೂಲಿನದು. ಬಟ್ಟೆಯನ್ನು ಒತ್ತಿಹಿಡಿಯುವ ಪಾದವನ್ನು ಮೇಲೆತ್ತಿ, ನೂಲನ್ನು ಮೊದಲಿನಿಂದ ಪೋಣಿಸಿದರೆ ಹೆಚ್ಚಾಗಿ ಸರಿಹೋಗುವುದು. ತೆಳು ಬಟ್ಟೆಗೆ 11ನೆಯ ನಂಬರಿನ ಸೂಜಿ, ಸಾಧಾರಣ ಹತ್ತಿಬಟ್ಟೆಗೆ 14, ದಪ್ಪ ಬಟ್ಟೆಗೆ 16 ಎಂಬುದನ್ನು ನೆನಪಿಡಿರಿ. ಕೈಹೊಲಿಗೆಗೆ ನೂಲು ಮೊಳದುದ್ದಕ್ಕಿಂತ ಹೆಚ್ಚಿರಬಾರದು. ಪದೇಪದೇ ಪೋಣಿಸುವ ಬೇಸರಕ್ಕೆ ಉದ್ದ ನೂಲು ತೆಗೆದುಕೊಂಡವಳು ಗಂಟು ಬಿಡಿಸುವುದರಲ್ಲಿ ಅದಕ್ಕಿಂತ ಹೆಚ್ಚು ವೇಳೆಯನ್ನು ಕಳೆಯುತ್ತಾಳೆ.

ಹೆಣಿಗೆ

ಹೆಣಿಗೆಯು ಬಹಳ ಕ್ಷಮಾಗುಣವುಳ್ಳದ್ದು. ಇಲ್ಲಿ ಕತ್ತರಿಯ ಭಯವಿಲ್ಲ. ಎಳೆದರೆ ಎಲ್ಲವೂ ಬಿಚ್ಚಿ ಪುನಃ ಉಣ್ಣೆಯ ಉಂಡೆಯಾಗುವುದು. ಆದರೆ ಇದೇ ಗುಣದಿಂದ ಅದರ ಸಂಕಟವೂ ಹುಟ್ಟುತ್ತದೆ. ಕಡ್ಡಿಯಿಂದ ಜಾರಿದ ಒಂದು ಕುಣಿಕೆಯು ಏಣಿಯಂತೆ ಸಾಲುಸಾಲಾಗಿ ಕೆಳಗಿಳಿಯುವುದು. ಆಗ ಗಾಬರಿಯಿಂದ ಎಲ್ಲವನ್ನೂ ಎಳೆದುಹಾಕಬಾರದು. ಕ್ರೋಷಾ ಕಡ್ಡಿಯ ಕೊಕ್ಕೆಯಿಂದ ಆ ಕುಣಿಕೆಯನ್ನು ಹಿಡಿದು, ಏಣಿಯ ಒಂದೊಂದು ಮೆಟ್ಟಿಲನ್ನೂ ಅದರೊಳಗಿಂದ ಎಳೆಯುತ್ತಾ ಮೇಲಕ್ಕೆ ತರಬಹುದು.

ಇನ್ನೊಂದು ಸಂಕಟವು ಅಳತೆಯದು. ಹೊಸ ಕೆಲಸಕ್ಕೆ ಮೊದಲು ಅಂಗೈಯಗಲದ ಒಂದು ಮಾದರಿ ತುಂಡನ್ನು ಹೆಣೆಯಿರೆಂದರೆ ಹುಡುಗಿಯರು ಅದನ್ನು ವ್ಯರ್ಥ ಶ್ರಮವೆಂದು ತಿಳಿಯುವರು. ಲೆಕ್ಕ ಹಾಕಿ ನೋಡೋಣ. ಪುಸ್ತಕದಲ್ಲಿ 4 ಅಂಗುಲಕ್ಕೆ 20 ಕುಣಿಕೆಯೆಂದಿದೆ. ನಿಮ್ಮ ಕೈ ಬಿಗಿಯಾಗಿರುವುದರಿಂದ 22 ಬಂದವೆನ್ನಿ. 120 ಕುಣಿಕೆಗಳ ಸ್ವೆಟರಿನ ಸುತ್ತಳತೆ 24 ಅಂಗುಲವಾಗಬೇಕಾಗಿದ್ದುದು 22ಕ್ಕೂ ಕಡಿಮೆಯಾಗುವುದು. ಮಗುವಿನ ತಲೆಯ ಮೇಲಿಂದ ಅದು ಇಳಿಯದಾಗ ಅಳುವವರು ಇಬ್ಬರು. ಅರ್ಧ ಗಂಟೆಯ ಮಾದರಿಯು ಮೂರು ವಾರಗಳ ಕೆಲಸವನ್ನು ಕಾಪಾಡುವುದು. ಕುಣಿಕೆ ಹೆಚ್ಚಾದರೆ ದಪ್ಪ ಕಡ್ಡಿಯನ್ನೂ, ಕಡಿಮೆಯಾದರೆ ಸಣ್ಣ ಕಡ್ಡಿಯನ್ನೂ ತೆಗೆದುಕೊಂಡರಾಯಿತು.

ಕ್ರೋಷಾ

ಕ್ರೋಷಾ ಹೆಣಿಗೆಯಲ್ಲಿ ಕಡ್ಡಿಯ ಮೇಲೆ ಜೀವವುಳ್ಳ ಕುಣಿಕೆ ಸಾಮಾನ್ಯವಾಗಿ ಒಂದೇ. ಆದುದರಿಂದ ಬಸ್ಸಿನಲ್ಲಿಯೂ, ಆಸ್ಪತ್ರೆಯ ಬೆಂಚಿನ ಮೇಲೆಯೂ, ಅನ್ನ ಬೇಯುವ ಹೊತ್ತಿನಲ್ಲಿಯೂ ಮಾಡಬಹುದಾದ ಕೆಲಸವಿದು. ಯಾವಾಗ ಬೇಕಾದರೂ ನಿಲ್ಲಿಸಬಹುದು. ಇದರ ತಪ್ಪು ಮಾತ್ರ ಸದ್ದಿಲ್ಲದೆ ಬರುತ್ತದೆ. ಸಾಲಿನ ಕೊನೆಯ ಮನೆಯನ್ನು ಬಿಟ್ಟು ತಿರುಗಿದರೆ ಆಗ ಏನೂ ಕಾಣದು. ಇಪ್ಪತ್ತು ಸಾಲುಗಳಾದ ಮೇಲೆ ಚೌಕವು ತ್ರಿಕೋನವಾಗಹತ್ತಿರುತ್ತದೆ. ಪ್ರತಿ ಸಾಲಿನ ಕೊನೆಯಲ್ಲಿ ಎಣಿಸುವುದೊಂದೇ ಇದಕ್ಕೆ ಮದ್ದು. ದುಂಡನೆಯ ಹೊದಿಕೆಯಲ್ಲಿ ಸುತ್ತಿಗೆ ಹೆಚ್ಚಿಸುವ ಮನೆಗಳು ಅತಿಯಾದರೆ ಅಂಚು ನೆರಿಗೆಗಟ್ಟುವುದು. ಸಾಲದಿದ್ದರೆ ಬಟ್ಟಲಿನಂತೆ ಮೇಲೇಳುವುದು. ಎರಡನ್ನೂ ಎರಡು ಸುತ್ತುಗಳಲ್ಲಿಯೇ ಗುರುತಿಸಿ ಬಿಚ್ಚಬೇಕು. ಇಸ್ತ್ರಿ ಮಾಡಿದರೆ ಸರಿಹೋದೀತೆಂದು ಮುಂದುವರಿಯಬಾರದು, ಅದು ಸರಿಹೋಗುವುದಿಲ್ಲ.

ಹಿಂಬದಿಯ ಪಾಠ

ನಮ್ಮ ಧಾರವಾಡ ಸೀಮೆಯ ಕಸೂತಿಯನ್ನು ನೋಡಿರಿ. ಅದರಲ್ಲಿ ಚಿತ್ರವನ್ನು ಮೊದಲು ಬರೆದುಕೊಳ್ಳುವ ಪದ್ಧತಿಯಿಲ್ಲ; ಬಟ್ಟೆಯ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಆನೆಗಳನ್ನು ಮೂಡಿಸುವರು. ನೂಲಿಗೆ ಗಂಟು ಹಾಕುವುದಿಲ್ಲ. ಗವಂತಿ ಮತ್ತು ಮುರ್ಗಿ ಹೊಲಿಗೆಗಳಲ್ಲಿ ಮುಂಬದಿಯೂ ಹಿಂಬದಿಯೂ ಒಂದೇ ತೆರನಾಗಿರುತ್ತವೆ. ಒಂದು ಎಳೆ ತಪ್ಪಿದರೂ ಹಿಂದಿರುಗಿ ಬರುವ ಸೂಜಿಗೆ ಸ್ಥಳ ಸಿಗದು. ಈ ಕೆಲಸವನ್ನು ಬೆಳೆಸಿದ ಸ್ತ್ರೀಯರಲ್ಲಿ ಎಷ್ಟೋ ಮಂದಿ ಅಕ್ಷರ ಕಲಿಯದವರು. ಅವರ ಎಣಿಕೆಯ ನೈಪುಣ್ಯವನ್ನು ನೋಡಿದರೆ ಕೈಗೆಲಸವು ಬುದ್ಧಿಯ ಕೆಲಸವಲ್ಲವೆನ್ನುವವರ ಬಾಯಿ ಮುಚ್ಚುವುದು.

ಸಂತೋಷವೂ ಬೆಲೆಯೂ

ಸಂತೋಷವನ್ನು ವರ್ಣಿಸಬೇಕಾದ ಅಗತ್ಯವಿಲ್ಲ; ತಾನು ಹೆಣೆದ ಟೊಪ್ಪಿಗೆಯನ್ನು ತೊಟ್ಟ ಕೂಸನ್ನು ಕಂಡವಳು ಅದನ್ನು ಬಲ್ಲಳು. ಯೊಪ್ಪದ ದೊರ್ಕಳು ತೀರಿಹೋದಾಗ ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದ್ದು ಅವಳು ಮಾಡಿಕೊಟ್ಟ ಅಂಗಿಗಳನ್ನೇ.

ಕಷ್ಟಕಾಲದಲ್ಲಿ ಈ ಕೆಲಸವು ಅನ್ನವನ್ನೂ ಕೊಟ್ಟಿದೆ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ಕೊಳೆತು ಕ್ಷಾಮ ಬಂದಾಗ ಕ್ರೋಷಾ ಲೇಸು ಅನೇಕ ಕುಟುಂಬಗಳನ್ನು ಸಾಕಿತು. ಗೋದಾವರಿ ತೀರದ ನರಸಾಪುರದ ಸ್ತ್ರೀಯರು ಮಿಶನರಿಗಳಿಂದ ಕಲಿತ ಲೇಸಿನ ಕೆಲಸವು ಅಲ್ಲಿ ಒಂದು ಉದ್ಯಮವಾಗಿಯೇ ಬೆಳೆಯಿತು. ನಮ್ಮ ಊರುಗಳಲ್ಲಿಯೂ ಸೀರೆಯ ಸೆರಗಿಗೆ ಕುಚ್ಚು ಕಟ್ಟಿ ಸಂಪಾದಿಸುವ ಗೃಹಿಣಿಯರು ಇದ್ದಾರೆ. ಹೆಣಿಗೆಗೆ ಇಂಗ್ಲೆಂಡಿನ ವಿಲಿಯಂ ಲೀ ಎಂಬವನು 1589ರಲ್ಲಿಯೇ ಯಂತ್ರ ಮಾಡಿದನು; ಹೊಲಿಗೆಯ ಯಂತ್ರಕ್ಕೆ ಅಮೆರಿಕದ ಎಲಿಯಾಸ್ ಹೋವನು 1846ರಲ್ಲಿ ಹಕ್ಕುಪತ್ರ ಪಡೆದನು. ಕ್ರೋಷಾ ಇಂದಿಗೂ ಕೈಯ ಕೆಲಸವಾಗಿಯೇ ಉಳಿದಿದೆ. ಆದುದರಿಂದ ಅಂಗಡಿಯಲ್ಲಿ ಕ್ರೋಷಾ ಹೊದಿಕೆಯು ಅತಿ ಅಗ್ಗವಾಗಿ ಕಂಡರೆ, ಅದನ್ನು ಮಾಡಿದವಳಿಗೆ ಗಂಟೆಗೆ ಎಷ್ಟು ದೊರಕಿತೆಂದು ಒಮ್ಮೆ ಯೋಚಿಸಿರಿ. ಸ್ವತಃ ಕಡ್ಡಿ ಹಿಡಿದವಳಿಗೆ ಈ ಪ್ರಶ್ನೆಯು ತಾನಾಗಿಯೇ ಹೊಳೆಯುವುದು.

ಪೋಷಕರಿಗೆ ಒಂದು ವಿಜ್ಞಾಪನೆ

ಮಗಳು ಮಾಡಿದ ಕೆಲಸವನ್ನು ಬಿಚ್ಚುತ್ತಾ ಕುಳಿತಿರುವಾಗ "ಇಷ್ಟು ಹೊತ್ತು ಮಾಡಿದ್ದು ಇದೇ ಏನು?" ಎನ್ನಬೇಡಿರಿ. ಅವಳು ಕಲಿಯುವುದು ಆ ಗಳಿಗೆಯಲ್ಲಿಯೇ. ಗುಂಡಿ ಹಾಕಿಕೊಳ್ಳುವುದನ್ನೂ ಹರಿದದ್ದಕ್ಕೆ ತೇಪೆ ಹಚ್ಚುವುದನ್ನೂ ಗಂಡುಮಕ್ಕಳಿಗೂ ಕಲಿಸಿರಿ. ಅಂಗಿ ಹರಿಯುವುದು ಹುಡುಗಿಯರದು ಮಾತ್ರವಲ್ಲವಷ್ಟೆ.

ಹಳೆಯ ವಿದ್ಯಾರ್ಥಿನಿಯರೇ, ಈ ವಾರದಲ್ಲಿ ನಿಮ್ಮ ಪೆಟ್ಟಿಗೆಯನ್ನು ತೆರೆಯಿರಿ. ನಿಂತುಹೋದ ಕೆಲಸಗಳಲ್ಲಿ ಒಂದನ್ನು ಮಾತ್ರ ಹೊರಗೆ ತೆಗೆದು, ತಪ್ಪು ಎಲ್ಲಿದೆಯೆಂದು ಹುಡುಕಿರಿ. ಅಲ್ಲಿಯವರೆಗೆ ಬಿಚ್ಚಿ ಮುಂದುವರಿಸಬಹುದಾದರೆ ಮುಂದುವರಿಸಿರಿ. ಆಗದಿದ್ದರೆ ಪೂರ್ತಿಯಾಗಿ ಬಿಚ್ಚಿರಿ. ಸುರುಳಿಗಟ್ಟಿದ ಹಳೆಯ ಉಣ್ಣೆಯನ್ನು ಲಡಿ ಮಾಡಿ, ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ತೂಗುಹಾಕಿದರೆ ಎಳೆಯು ನೇರವಾಗುವುದು. ಅದರಿಂದ ಬೇರೊಂದು ಮಗುವಿಗೆ ಕಾಲುಚೀಲವಾದರೂ ಆದೀತು.