ಅಲಸಂಡೆಗೆ ಹೇನು ಬಂದರೆ: ಮೊದಲು ನೀರು, ಆಮೇಲೆ ಸೋಪು

ಗಲ್ಫ್‌ನಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಕ್ಯಾಂಪಿನ ಹಿಂದೆ, ಟೆರೇಸಿನಲ್ಲಿ ಅಲಸಂಡೆ, ಹರಿವೆ, ಹಸಿಮೆಣಸು ಬೆಳೆಯುವವರು ನಮ್ಮಲ್ಲಿ ಇದ್ದಾರೆ. ಈ ಹಿತವಾದ ಹವೆ ಸಸ್ಯಹೇನಿಗೂ ಇಷ್ಟ. ಹೇನು ಕಂಡ ಕೂಡಲೇ ವಿಷದ ಬಾಟಲಿ ತರಬೇಡಿ.

ಗುರುತಿಸುವುದು ಹೇಗೆ?

ಎಳೆ ಕುಡಿ, ಮೊಗ್ಗು, ಎಲೆಯ ಅಡಿಭಾಗ ನೋಡಿ. ಅಲಸಂಡೆಯಲ್ಲಿ ಕಪ್ಪು, ಮೆಣಸಿನ ಗಿಡದಲ್ಲಿ ಹೆಚ್ಚಾಗಿ ಹಸಿರು ಅಥವಾ ಹಳದಿ ಹೇನುಗಳು ಗುಂಪಾಗಿ ಕೂತಿರುತ್ತವೆ. ರಸ ಹೀರಿದ ಎಲೆ ಮುದುಡುತ್ತದೆ, ಅಂಟಂಟಾಗುತ್ತದೆ. ಆ ಸಿಹಿ ಅಂಟಿಗೆ ಇರುವೆ ಸಾಲುಗಟ್ಟುತ್ತದೆ.

ಬೇಗ ಯಾಕೆ ನೋಡಬೇಕು?

ನಾನು ಅಕೌಂಟೆಂಟ್, ಲೆಕ್ಕದಲ್ಲೇ ಹೇಳ್ತೀನಿ. ಹೆಣ್ಣು ಹೇನು ಗಂಡಿಲ್ಲದೆಯೇ ಮರಿ ಹಾಕುತ್ತದೆ. ಆ ಮರಿ ಬೆಚ್ಚಗಿನ ಹವೆಯಲ್ಲಿ ಸುಮಾರು ಒಂದು ವಾರಕ್ಕೆ ತಾನೂ ಮರಿ ಹಾಕಲು ಶುರು ಮಾಡುತ್ತದೆ. ಥೇಟ್ ಚಕ್ರಬಡ್ಡಿ! ಅದಕ್ಕೇ ಎರಡು ದಿನಕ್ಕೊಮ್ಮೆ ಎಲೆ ತಿರುಗಿಸಿ ನೋಡಿ.

ಏನು ಮಾಡಬೇಕು?

1. ಹೇನು ತುಂಬಿದ ಕುಡಿ ಚಿವುಟಿ, ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ.
2. ಬೆಳಿಗ್ಗೆ ಪೈಪಿನ ನೀರನ್ನು ಎಲೆಯಡಿಗೆ ಜೋರಾಗಿ ಹಾಯಿಸಿ. ಉದುರಿದ ಹೇನುಗಳಲ್ಲಿ ಹೆಚ್ಚಿನವು ಮತ್ತೆ ಹತ್ತುವುದಿಲ್ಲ.
3. ಇನ್ನೂ ಉಳಿದರೆ 1 ಲೀಟರ್ ನೀರಿಗೆ 5 ಮಿ.ಲೀ. ಸೌಮ್ಯ ದ್ರವ ಸೋಪು ಕಲಸಿ. ಬಟ್ಟೆ ಒಗೆಯುವ ಪುಡಿ ಬೇಡ. ಮೊದಲು ಒಂದು ಎಲೆಗೆ ಹಾಕಿ, ಒಂದು ದಿನ ಕಾದು ನೋಡಿ. ಎಲೆ ಸುಡದಿದ್ದರೆ ಸಂಜೆ ಹೊತ್ತು ಹೇನಿನ ಮೈಗೆ ತಾಗುವ ಹಾಗೆ ಸಿಂಪಡಿಸಿ. 4–5 ದಿನಕ್ಕೆ ಮತ್ತೊಮ್ಮೆ.
4. ಯೂರಿಯಾ ಹೆಚ್ಚು ಹಾಕಬೇಡಿ. ಎಳೆ ಚಿಗುರು ಜಾಸ್ತಿಯಾದಷ್ಟೂ ಹೇನು ಜಾಸ್ತಿ.
5. ಗುಲಗಂಜಿ ಹುಳು ಕಂಡರೆ ಕೊಲ್ಲಬೇಡಿ. ಅದೂ ಅದರ ಮರಿಯೂ ಹೇನನ್ನೇ ತಿನ್ನುತ್ತವೆ.

ವಿಷ ಯಾಕೆ ಬೇಡ?

ಅದು ಗುಲಗಂಜಿ ಹುಳುವನ್ನೂ ಕೊಲ್ಲುತ್ತದೆ, ಆಮೇಲೆ ಹೇನು ಇನ್ನಷ್ಟು ಏರುತ್ತದೆ. ಅದಕ್ಕಿಂತ ದೊಡ್ಡ ಮಾತು: ಆರೇಳು ಜನ ಮಲಗುವ, ಅಲ್ಲೇ ಅಡುಗೆ ಮಾಡುವ ರೂಮಿನಲ್ಲಿ ವಿಷ ಇಡಬಾರದು. ಕುಡಿಯುವ ನೀರಿನ ಬಾಟಲಿಗಂತೂ ಸುರಿಯಲೇಬೇಡಿ. ರಾತ್ರಿ ಡ್ಯೂಟಿ ಮುಗಿಸಿ ಬಂದವರು ನೀರೆಂದು ಕುಡಿದಾರು.

ತೋಟದ ಕೆಲಸದಲ್ಲಿ ವಿಷ ಸಿಂಪಡಿಸಬೇಕಾಗಿ ಬಂದರೆ ಗ್ಲೌಸ್, ಮಾಸ್ಕ್ ಕೇಳಿ ಪಡೆಯಿರಿ, ಗಾಳಿಗೆ ಎದುರಾಗಿ ನಿಲ್ಲಬೇಡಿ. ಲೇಬಲ್ ಮೇಲಿನಷ್ಟು ದಿನ ಕಳೆಯುವವರೆಗೆ ಆ ಕಾಯಿ ಕೊಯ್ಯಬೇಡಿ. ತಲೆಸುತ್ತು, ವಾಂತಿ, ಉಸಿರಾಟದ ತೊಂದರೆ ಕಂಡರೆ ತಕ್ಷಣ ಆಂಬುಲೆನ್ಸ್ ಕರೆಯಿರಿ: ಯುಎಇಯಲ್ಲಿ 998, ಸೌದಿಯಲ್ಲಿ 997, ಕುವೈತ್‌ನಲ್ಲಿ 112. ಬಾಟಲಿಯ ಲೇಬಲ್ಲನ್ನು ಡಾಕ್ಟರಿಗೆ ತೋರಿಸಿ.